ಮೂರು ಶನಿವಾರ, ಮೂರು ಚಿತ್ರ, ಒಂದು ಪೆನ್ಸಿಲ್

ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗ ಒಂದು ಸಂಜೆ ಕೇಳಿದ: "ಮಾಮ, ಬಾಹ್ಯಾಕಾಶಕ್ಕೆ ಹೋದವರು ಯಾರೂ ನಗುವುದಿಲ್ಲವೇ?" ಅವನು ನೋಡಿದ್ದ ಚಿತ್ರಗಳಲ್ಲೆಲ್ಲ ಗಗನಯಾತ್ರಿಗಳು ಕಿಟಕಿಯಾಚೆ ದೃಷ್ಟಿ ನೆಟ್ಟು ಕಣ್ಣೀರು ಒರೆಸಿಕೊಳ್ಳುವವರೇ. ನಗುವವರೂ ಇದ್ದಾರೆ ಎಂದು ತೋರಿಸುವ ಹಟಕ್ಕೆ ಬಿದ್ದು ಮೂರು ಶನಿವಾರಗಳನ್ನು ಮೀಸಲಿಟ್ಟೆ. ಅವನು ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಪೆನ್ಸಿಲ್ ಹಿಡಿದು ಕುಳಿತ. ಒಮ್ಮೆ ನಕ್ಕರೆ ಒಂದು ಗೀಟು. ಸದ್ದು ಹೊರಬರಬೇಕು, ಮುಗುಳ್ನಗೆಗೆ ಲೆಕ್ಕವಿಲ್ಲ. ಅಮ್ಮ ನಕ್ಕರೆ ಎರಡು ಗೀಟು, ಏಕೆಂದರೆ ಅವಳಿಗೆ ಅರ್ಧ ಮಾತು ತಲುಪುವುದು ನನ್ನ ಅವಸರದ ಅನುವಾದದ ಮೂಲಕ.

ಮೊದಲ ವಾರ ಟಿಮ್ ಬರ್ಟನ್ ನಿರ್ದೇಶನದ 'ಮಾರ್ಸ್ ಅಟ್ಯಾಕ್ಸ್'. 1996ರ ಜುಲೈನಲ್ಲಿ ಬಂದ 'ಇಂಡಿಪೆಂಡೆನ್ಸ್ ಡೇ' ಚಿತ್ರದಲ್ಲಿ ಅಮೆರಿಕದ ಅಧ್ಯಕ್ಷ ತಾನೇ ಯುದ್ಧವಿಮಾನ ಹತ್ತಿ ಭೂಮಿಯನ್ನು ಕಾಪಾಡಿದ್ದ. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಈ ಚಿತ್ರದ ಅಧ್ಯಕ್ಷ ಎಲ್ಲರೂ ಕೂಡಿ ಬಾಳೋಣ ಎಂದು ಮನಕಲಕುವ ಭಾಷಣ ಮಾಡಿ, ದಾಳಿಗೆ ಬಂದ ಮಂಗಳ ಗ್ರಹದವನ ಕೈ ಕುಲುಕಿ, ಆ ಕೈಯೇ ಕಳಚಿ ಹರಿದುಬಂದು ಇರಿದದ್ದರಿಂದ ಸಾಯುತ್ತಾನೆ. ಆರಂಭದ ದೃಶ್ಯವೇ ಸಾಕು ಇದರ ಗುಣ ಗೊತ್ತಾಗಲು: ಕೆಂಟಕಿಯ ಹಳ್ಳಿರಸ್ತೆಯಲ್ಲಿ ಬೆಂಕಿ ಹತ್ತಿಕೊಂಡ ದನಗಳ ಹಿಂಡು ಓಡಿಬರುತ್ತದೆ. ಅಮ್ಮ "ರಾಮ ರಾಮ" ಎಂದಳು. ಹುಡುಗ ಗೀಟು ಹಾಕಿದ. ನಾನು ಯಾರ ಪಕ್ಷ ಎಂದು ನಿರ್ಧರಿಸುವಷ್ಟರಲ್ಲಿ ಹಾರುವ ತಟ್ಟೆಗಳು ಹೊರಟಾಗಿತ್ತು.

ಚಿತ್ರಕ್ಕೆ ಮೂಲ 1962ರಲ್ಲಿ ಟಾಪ್ಸ್ ಕಂಪನಿ ತಂದ ಮಕ್ಕಳ ಚಿತ್ರಕಾರ್ಡುಗಳು. ಸೊಗಸು ಎಲ್ಲಿದೆಯೋ ದೋಷವೂ ಅಲ್ಲಿಯೇ ಇದೆ. ಒಂದೊಂದೇ ಕಾರ್ಡು ಎತ್ತಿ ತೋರಿಸಿ ಕೆಳಗಿಟ್ಟ ಹಾಗೆ ದೃಶ್ಯಗಳು ಬಂದು ಹೋಗುತ್ತವೆ. ತಾಜ್ ಮಹಲ್ ಸ್ಫೋಟಗೊಂಡು ಕುಸಿಯುವಾಗ ಮಂಗಳದವರು ಅದರ ಮುಂದೆ ಪ್ರವಾಸಿಗಳಂತೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬೀದಿಯಲ್ಲಿ ಜನರನ್ನು ಸುಟ್ಟು ಹಸಿರು ಅಸ್ಥಿಪಂಜರ ಮಾಡುತ್ತ, ಕೈಯಲ್ಲಿರುವ ಅನುವಾದ ಯಂತ್ರದಿಂದ "ಓಡಬೇಡಿ, ನಾವು ನಿಮ್ಮ ಗೆಳೆಯರು" ಎಂದು ಸಾರುತ್ತಾರೆ. ಇಲ್ಲಿ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಮಂಗಳದವರ ಮಿದುಳು ಸಿಡಿಯುವುದು ಕ್ಷಿಪಣಿಗಲ್ಲ, ವೃದ್ಧಾಶ್ರಮದ ಅಜ್ಜಿಯೊಬ್ಬಳು ಕೇಳುತ್ತಿದ್ದ ಸ್ಲಿಮ್ ವಿಟ್ಮನ್‌ನ ಹಳೆಯ ಹಾಡಿಗೆ. ಇಷ್ಟಾದರೂ ಮುಕ್ಕಾಲು ಗಂಟೆ ಕಳೆದ ಮೇಲೆ ಪೆನ್ಸಿಲ್ ನಿಧಾನವಾಯಿತು. ಜ್ಯಾಕ್ ನಿಕಲ್ಸನ್‌ನದು ಎರಡು ಪಾತ್ರ, ಜೊತೆಗೆ ಗ್ಲೆನ್ ಕ್ಲೋಸ್, ಪಿಯರ್ಸ್ ಬ್ರಾಸ್ನನ್, ಡ್ಯಾನಿ ಡಿವಿಟೊ. ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ತುಂಬ ಬಡಿಸಿದ್ದಾರೆ, ಅನ್ನವನ್ನೇ ಮರೆತಿದ್ದಾರೆ. ಯಾರು ಸತ್ತರೂ ನಮಗೆ ಏನೂ ಅನಿಸುವುದಿಲ್ಲ, ಏಕೆಂದರೆ ಬದುಕಿದ್ದಾಗಲೂ ಅವರು ಬರೀ ಕಾರ್ಡುಗಳೇ.

ಎರಡನೆಯ ವಾರದ 'ದ ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ' ಬಗ್ಗೆ ಹೆಚ್ಚು ಹೇಳಲಾರೆ. 1978ರಲ್ಲಿ ಬಿಬಿಸಿ ರೇಡಿಯೊ ಸರಣಿಯಾಗಿ ಹುಟ್ಟಿದ ಡಗ್ಲಸ್ ಆಡಮ್ಸ್‌ನ ಕತೆ ಇದು, ಚಿತ್ರವಾಗಿ ತೆರೆ ಕಂಡದ್ದು 2005ರಲ್ಲಿ. ಮೊದಲ ಇಪ್ಪತ್ತು ನಿಮಿಷ ನಮ್ಮೂರಿನದೇ ಕತೆ ಅನ್ನಿಸಿತು. ರಸ್ತೆಗಾಗಿ ಮನೆ ಕೆಡವಲು ಬುಲ್ಡೋಜರ್ ಬಂದಿದೆ, ಮನೆಯವನು ಅದರ ಮುಂದೆ ಮಲಗಿದ್ದಾನೆ. ಅಷ್ಟರಲ್ಲಿ ಅಂತರಿಕ್ಷದ ಹೆದ್ದಾರಿಗಾಗಿ ಭೂಮಿಯನ್ನೇ ಕೆಡವಲು ಬಂದ ವೋಗನ್ನರು, ಆಕ್ಷೇಪಣೆ ಏನಿದ್ದರೂ ಮೊದಲೇ ಸಲ್ಲಿಸಬೇಕಿತ್ತು, ನಕ್ಷೆಗಳನ್ನು ಆಲ್ಫಾ ಸೆಂಟಾರಿ ಎಂಬ ದೂರದ ನಕ್ಷತ್ರದ ಕಚೇರಿಯಲ್ಲಿ ಐವತ್ತು ವರ್ಷದಿಂದ ಪ್ರದರ್ಶನಕ್ಕಿಟ್ಟಿತ್ತು ಎನ್ನುತ್ತಾರೆ. ರಸ್ತೆ ಅಗಲೀಕರಣಕ್ಕೆಂದು ಕಾಂಪೌಂಡ್ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿಸಿಕೊಂಡ ಯಾರಿಗಾದರೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಚಿತ್ರ ದಾರಿ ತಪ್ಪಿತು. ಆಡಮ್ಸ್‌ನ ಹಾಸ್ಯ ಇರುವುದು ವಾಕ್ಯದ ಬಳುಕಿನಲ್ಲಿ. ಸ್ಟೀಫನ್ ಫ್ರೈ ಹಿನ್ನೆಲೆಯಲ್ಲಿ ಓದುವವರೆಗೆ ಅದು ಬದುಕಿರುತ್ತದೆ, ಓದು ನಿಂತು ಓಡಾಟ ಶುರುವಾದರೆ ಆರಿಹೋಗುತ್ತದೆ. ಜಾನ್ ಮಾಲ್ಕೊವಿಚ್‌ನ ಪಾತ್ರವೊಂದು ನಾಯಕರಿಗೆ ಕೆಲಸ ಒಪ್ಪಿಸಿ ಮಾಯವಾಗುತ್ತದೆ. ಆ ಎಳೆಯನ್ನು ಯಾರೂ ಮತ್ತೆ ಹಿಡಿಯುವುದಿಲ್ಲ. ಖಿನ್ನ ರೋಬಾಟ್ ಮಾರ್ವಿನ್‌ಗೆ ಅಲನ್ ರಿಕ್ಮನ್ ಕೊಟ್ಟ ಧ್ವನಿಯೊಂದು ಮಾತ್ರ ನೆನಪಿನಲ್ಲಿ ಉಳಿಯಿತು. ಅಮ್ಮ ನಡುವೆ ಎದ್ದು ಅವರೆಕಾಳು ನೆನೆಹಾಕಲು ಹೋದವಳು ತಿರುಗಿ ಬರಲಿಲ್ಲ.

ಮೂರನೆಯ ವಾರವೂ ಅದೇ ರಿಕ್ಮನ್, ಈ ಸಲ ತಲೆಗೆ ರಬ್ಬರಿನ ಚಿಪ್ಪು ಅಂಟಿಸಿಕೊಂಡು. ಡೀನ್ ಪ್ಯಾರಿಸೊ ನಿರ್ದೇಶಿಸಿದ, 1999ರ ಕ್ರಿಸ್ಮಸ್ ದಿನ ಬಿಡುಗಡೆಯಾದ 'ಗ್ಯಾಲಕ್ಸಿ ಕ್ವೆಸ್ಟ್'. ನಿಂತುಹೋಗಿ ಎಷ್ಟೋ ವರ್ಷವಾದ ಬಾಹ್ಯಾಕಾಶ ಧಾರಾವಾಹಿಯೊಂದರ ನಟರು ಅಂಗಡಿ ಉದ್ಘಾಟನೆ, ಅಭಿಮಾನಿ ಸಮ್ಮೇಳನ ಎಂದು ಹಳೆಯ ವೇಷದಲ್ಲೇ ಹೊಟ್ಟೆ ಹೊರೆಯುತ್ತಿದ್ದಾರೆ. ದೂರದ ಗ್ರಹದ ಥರ್ಮಿಯನ್ನರು ಆ ಪ್ರಸಾರವನ್ನು ಹಿಡಿದು ನೋಡಿ, ಅದನ್ನು ಇತಿಹಾಸದ ದಾಖಲೆ ಎಂದೇ ನಂಬಿ, ಅದೇ ಹಡಗನ್ನು ನಿಜವಾಗಿ ಕಟ್ಟಿ, ಯುದ್ಧ ಗೆಲ್ಲಿಸಿಕೊಡಿ ಎಂದು ಈ ನಟರನ್ನು ಕರೆದೊಯ್ಯುತ್ತಾರೆ. ಅವರಿಗೆ ಸುಳ್ಳು ಎಂಬುದು ಗೊತ್ತು; ಅಭಿನಯ ಎಂಬುದು ಗೊತ್ತಿಲ್ಲ.

ಹುಡುಗನಿಗೆ ಇದು ಅಸಂಭವ ಅನ್ನಿಸಿತು. ಅಮ್ಮನಿಗೆ ಅನ್ನಿಸಲಿಲ್ಲ. 1987ರಲ್ಲಿ ದೂರದರ್ಶನದಲ್ಲಿ 'ರಾಮಾಯಣ' ಬರುವ ಭಾನುವಾರ ಬೆಳಗ್ಗೆ ಪಕ್ಕದ ಮನೆಯವರು ಟಿವಿಗೆ ಹಾರ ಹಾಕಿ ಊದುಬತ್ತಿ ಹಚ್ಚುತ್ತಿದ್ದುದನ್ನು ಅವಳು ಕಂಡವಳು. "ಇವರೂ ಅಂಥವರೇ, ಪಾಪ" ಎಂದಳು. ಅಲ್ಲಿಂದ ಮುಂದೆ ಅವಳಿಗೆ ನನ್ನ ಅನುವಾದ ಬೇಕಾಗಲಿಲ್ಲ.

ಇದು ಅಣಕಿಸುವುದು ಸ್ಟಾರ್ ಟ್ರೆಕ್ ಜಾತಿಯ ಧಾರಾವಾಹಿಗಳನ್ನು. ಅವನ್ನು ನೋಡದವರಿಗೂ ನಗು ಸಿಗುವುದು, ತಮಾಷೆಗೆ ಒಳಗಿನದೇ ತರ್ಕ ಇರುವುದರಿಂದ. ಹಡಗಿನೊಳಗೆ ಒಂದು ಓಣಿ. ಅದರಲ್ಲಿ ದೈತ್ಯ ಒನಕೆಗಳಂಥ ಯಂತ್ರಗಳು ಕಾರಣವೇ ಇಲ್ಲದೆ ಬಡಿಯುತ್ತಿರುತ್ತವೆ. ಏಕಿವೆ? ಧಾರಾವಾಹಿಯ ಒಂದು ಕಂತಿನಲ್ಲಿ ಇದ್ದವು, ಅದಕ್ಕೆ. ಸಿಗೋರ್ನಿ ವೀವರ್ ಆ ಕಂತು ಬರೆದವನನ್ನೇ ಶಪಿಸುತ್ತ ಒನಕೆಗಳ ನಡುವೆ ನುಸುಳುತ್ತಾಳೆ. ಹಡಗಿನ ಸ್ಫೋಟ ತಡೆಯಲು ಗುಂಡಿ ಒತ್ತಿದ ಮೇಲೂ ಗಡಿಯಾರ ಹಿಂದಕ್ಕೆ ಎಣಿಸುತ್ತಲೇ ಹೋಗಿ, ಒಂದಕ್ಕೆ ಬಂದು ನಿಲ್ಲುತ್ತದೆ. ಧಾರಾವಾಹಿಯಲ್ಲಿ ಅದು ಯಾವಾಗಲೂ ಒಂದಕ್ಕೇ ನಿಲ್ಲುತ್ತಿತ್ತಲ್ಲ! ಸ್ಯಾಮ್ ರಾಕ್ವೆಲ್‌ನ ಪಾತ್ರ 81ನೆಯ ಕಂತಿನಲ್ಲಿ ಹೆಸರಿಲ್ಲದೆ ಬಂದು ಸತ್ತವನದು; ಈಗಲೂ ತಾನೇ ಮೊದಲು ಸಾಯುವವನು ಎಂದು ನಡುಗುತ್ತಿರುತ್ತಾನೆ. ಮುಂದಿನ ವಾರ ತಂಗಿಯ ಮದುವೆ ಎಂದು ಬಾಯಿಬಿಟ್ಟ ನಾಯಕನ ಗೆಳೆಯನ ಗತಿ ನಮ್ಮ ಚಿತ್ರಗಳಲ್ಲಿ ಏನಾಗುತ್ತದೆ ಎಂದು ಗೊತ್ತಿರುವವರಿಗೆ ಈ ಭಯ ಹೊಸದಲ್ಲ. (ಇದೇ ರಾಕ್ವೆಲ್ ಹಿಂದಿನ ವಾರದ ಚಿತ್ರದಲ್ಲಿ ಎರಡು ತಲೆಯ ಅಧ್ಯಕ್ಷನಾಗಿ ಅರಚಿದ್ದ. ಒಂದು ತಲೆಯೇ ಲೇಸು.)

ರಿಕ್ಮನ್‌ನ ಪಾತ್ರಕ್ಕೆ ಗ್ರಾಬ್ತಾರನ ಸುತ್ತಿಗೆಯ ಮೇಲೆ ಆಣೆ ಇಡುವ ತನ್ನ ಸಂಭಾಷಣೆಯನ್ನು ಕಂಡರಾಗದು. ಅಂಗಡಿಯ ಉದ್ಘಾಟನೆಯಲ್ಲಿ ಅದನ್ನು ರಿಯಾಯಿತಿ ಮಾರಾಟಕ್ಕೆ ಹೊಂದಿಸಿ ಹೇಳಬೇಕಾದಾಗ ಅವನ ತುಟಿ ವಿಷ ಕುಡಿದಂತೆ ಸೊಟ್ಟಗಾಗುತ್ತದೆ. ಮುಂದೆ, ಅವನನ್ನೇ ತಂದೆಯೆಂದು ಭಾವಿಸಿದ ಥರ್ಮಿಯನ್ ಯುವಕ ಗುಂಡೇಟು ತಿಂದು ಮಡಿಲಲ್ಲಿ ಸಾಯುವಾಗ ಅದೇ ಮಾತನ್ನು ಮೆಲ್ಲಗೆ, ಮನಸಾರೆ ಹೇಳುತ್ತಾನೆ. ಹುಡುಗ ಪೆನ್ಸಿಲ್ ಕೆಳಗಿಟ್ಟ.

ಕೊರತೆಗಳು ಇಲ್ಲದಿಲ್ಲ. ಖಳ ಸ್ಯಾರಿಸ್‌ನದು ಮೊದಲಿನಿಂದ ಕೊನೆಯವರೆಗೂ ಒಂದೇ ಗುರುಗುಟ್ಟುವಿಕೆ. ಕಲ್ಲುರಾಕ್ಷಸನ ಗ್ರಹದಲ್ಲಿ ಕತೆ ಕಾಲೆಳೆಯುತ್ತದೆ. ಡ್ಯಾರಿಲ್ ಮಿಚೆಲ್‌ಗೆ ಹಡಗು ನಡೆಸುವ ಕೆಲಸ ಕೊಟ್ಟವರು ನಗಿಸುವ ಮಾತು ಕೊಡಲು ಜಿಪುಣತನ ತೋರಿದ್ದಾರೆ. ಮಕ್ಕಳೂ ನೋಡಲಿ ಎಂದು ಮಾತುಗಳನ್ನು ತಿದ್ದಿದ್ದು ಕಣ್ಣಿಗೇ ಕಾಣುತ್ತದೆ: ಒನಕೆಗಳ ಮುಂದೆ ವೀವರ್‌ಳ ತುಟಿ ಒಂದು ಬೈಗುಳ ಹೇಳುತ್ತದೆ, ಕಿವಿಗೆ ಬೀಳುವುದು ಇನ್ನೊಂದು ಸಪ್ಪೆ ಪದ. ಬರ್ಟನ್ ಆಗಿದ್ದರೆ ಇಂಥಲ್ಲಿ ಹಿಂಜರಿಯುತ್ತಿರಲಿಲ್ಲ.

ಗೀಟು ಎಣಿಸಿದಾಗ 'ಮಾರ್ಸ್' 34, 'ಗ್ಯಾಲಕ್ಸಿ' 27, 'ಗೈಡ್' 12. ನಿಯಮದ ಪ್ರಕಾರ ಮಂಗಳದವರದೇ ಗೆಲುವು. ಆದರೆ ಮರುದಿನ ಬೆಳಗ್ಗೆ ತಿಂಡಿಗೂ ಮೊದಲು ಹುಡುಗ ಮತ್ತೆ ಹಾಕು ಎಂದು ಪೀಡಿಸಿದ್ದು 'ಗ್ಯಾಲಕ್ಸಿ ಕ್ವೆಸ್ಟ್'ಗಾಗಿ, ಅದೂ ಮೊದಲಿನಿಂದ. ನಾನೂ ಪೂರ್ತಿ ಕುಳಿತು ನೋಡುವುದಾದರೆ ಅದನ್ನೇ. ಹತ್ತು ನಿಮಿಷ ಬಿಡುವಿದ್ದರೆ ಮಾತ್ರ 'ಮಾರ್ಸ್ ಅಟ್ಯಾಕ್ಸ್', ಯಾವ ಕಾರ್ಡು ಎತ್ತಿದರೂ ಸರಿ.

ಹುಡುಗ ಊರಿಗೆ ಹೋಗಿ ತಿಂಗಳಾಯಿತು. ಮೊನ್ನೆ ರಾತ್ರಿ ಅಡುಗೆಮನೆಯಲ್ಲಿ ಸದ್ದು ಕೇಳಿ ಹೋಗಿ ನೋಡಿದರೆ, ಅಮ್ಮ ಪೊರಕೆ ಎತ್ತಿ ಹಿಡಿದು ಜಿರಲೆಯ ಹಿಂದೆ ಬಿದ್ದಿದ್ದಳು. "ಓಡಬೇಡ, ನಾನು ನಿನ್ನ ಗೆಳತಿ" ಎನ್ನುತ್ತಿದ್ದಳು.