ಫ್ರೀನಾ, ದುಡ್ಡು ಕೊಟ್ಟಾ? ರಾಯಚೂರಿನಲ್ಲಿ ಕೂತು ಮೆಡಿಕಲ್ ಪೇಪರ್ ತರಿಸುವ ಸೇವೆಗಳ ಬಗ್ಗೆ, ಹಲವು ವರ್ಷ ಬಳಸಿದ ಮೇಲೆ

ರಾಯಚೂರಿನ ಒಂದು ಖಾಸಗಿ ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಪುಸ್ತಕ ಕೊಡೋದು, ವಾಪಸ್ ತಗೊಳ್ಳೋದು ಬೇರೆಯವರು ನೋಡಿಕೊಳ್ಳುತ್ತಾರೆ. ಪಿಜಿ ಡಾಕ್ಟರುಗಳು, ಅವರ ಗೈಡುಗಳು ಕೇಳಿದ ಸಂಶೋಧನಾ ಪೇಪರಿನ ಫುಲ್ ಟೆಕ್ಸ್ಟ್ ಎಲ್ಲಿದ್ದರೂ ಹುಡುಕಿ ತರಿಸಿಕೊಡೋದು ನನ್ನ ಕೆಲಸ. ಇದಕ್ಕೆ ಡಾಕ್ಯುಮೆಂಟ್ ಡೆಲಿವರಿ ಅಂತಾರೆ. ಫ್ರೀ ಸೇವೆಗಳನ್ನೂ ದುಡ್ಡಿನ ಸೇವೆಗಳನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಹೊಸ ಪೇಪರಿಗೆ ದುಡ್ಡು ಕೊಡೋದು ಹೆಚ್ಚಿನ ಸಲ ದಂಡ. ಹಳೇ ಪೇಪರಿಗೆ, ಅದೂ ಅವಸರ ಇದ್ದಾಗ, ಕೊಡದೆ ಗತಿ ಇಲ್ಲ.

ಹಳೇದು ಅಂದ್ರೆ ಎಂಥದ್ದು ಅಂತ ಒಂದು ಉದಾಹರಣೆ ಕೊಡ್ತೀನಿ. ನಮ್ಮ ಕಡೆ ಭತ್ತ, ಹತ್ತಿ, ಮೆಣಸಿನಕಾಯಿ. ಹೊಲಕ್ಕೆ ಎಣ್ಣೆ, ಅಂದ್ರೆ ಕೀಟನಾಶಕ, ಹೊಡೆಯೋದು ಜಾಸ್ತಿ. ಅದೇ ಎಣ್ಣೆ ಮೈಗೆ ಹತ್ತಿ, ಇಲ್ಲಾ ಹೊಟ್ಟೆಗೆ ಹೋಗಿ ಕ್ಯಾಶುವಾಲ್ಟಿಗೆ ಬರುವವರೂ ಜಾಸ್ತಿ. ಹಾಗಾಗಿ ಮೆಡಿಸಿನ್ ಪಿಜಿಗಳಲ್ಲಿ ಆರ್ಗನೋಫಾಸ್ಫರಸ್ ಅನ್ನೋ ಜಾತಿಯ ಕೀಟನಾಶಕದ ವಿಷದ ಮೇಲೆ ಥೀಸಿಸ್ ಮಾಡುವವರು ಯಾರಾದರೂ ಇದ್ದೇ ಇರುತ್ತಾರೆ. ಅವರೆಲ್ಲರಿಗೂ ಬೇಕಾಗೋದು ಪೆರಡೇನಿಯಾ ಸ್ಕೇಲ್, ಅಂದ್ರೆ ವಿಷ ಎಷ್ಟು ಏರಿದೆ ಅಂತ ಅಳೆಯುವ ಪಟ್ಟಿ. ಶ್ರೀಲಂಕಾದ ಡಾಕ್ಟರುಗಳು ಮಾಡಿದ್ದು. ಕಣ್ಣಿನ ಪಾಪೆಯ ಅಳತೆ, ಉಸಿರಾಟ, ನಾಡಿ, ಸ್ನಾಯುಗಳ ಅದಿರಾಟ, ಪ್ರಜ್ಞೆ, ಫಿಟ್ಸ್ ಇವನ್ನು ನೋಡಿ 11ರವರೆಗೆ ಅಂಕ ಹಾಕುತ್ತಾರೆ. 3ರವರೆಗೆ ಇದ್ದರೆ ಸೌಮ್ಯ, 8 ಅಥವಾ ಅದಕ್ಕಿಂತ ಹೆಚ್ಚಾದರೆ ಗಂಭೀರ. ಮೂಲ ಪೇಪರ್ ಬಂದಿದ್ದು 1993ರಲ್ಲಿ, ಹ್ಯೂಮನ್ ಅಂಡ್ ಎಕ್ಸ್‌ಪೆರಿಮೆಂಟಲ್ ಟಾಕ್ಸಿಕಾಲಜಿ ಪತ್ರಿಕೆಯಲ್ಲಿ. ಇರೋದು ಮೂರೇ ಪುಟ.

ಈ ಮೂರು ಪುಟವನ್ನು ಹಿಂದಿನ ಥೀಸಿಸ್‌ನಿಂದ ಎತ್ತಿ ಉಲ್ಲೇಖ ಹಾಕುವವರೇ ಹೆಚ್ಚು. ಕಟ್ಟುನಿಟ್ಟಿನ ಗೈಡ್ ಸಿಕ್ಕರೆ ಮಾತ್ರ, "ಒರಿಜಿನಲ್ ಓದಿದ್ದೀಯೇನಮ್ಮಾ? ತಂದು ತೋರಿಸು" ಅಂತಾರೆ. ಆಗ ಪಿಜಿ ನನ್ನ ಟೇಬಲ್ ಮುಂದೆ ಬಂದು ನಿಲ್ಲುತ್ತಾರೆ. ಪ್ರಕಾಶಕರ ಸೈಟುಗಳಲ್ಲಿ ಒಂದೊಂದು ಪೇಪರಿಗೆ ಸಾಮಾನ್ಯವಾಗಿ 30ರಿಂದ 40 ಡಾಲರ್. "ಸರ್, ಮೂರು ಪೇಜಿಗೆ ಮೂರು ಸಾವಿರಾನಾ?" ಅಂತ ಒಬ್ಬ ಹುಡುಗಿ ಕೇಳಿದ ಮುಖ ಇನ್ನೂ ನೆನಪಿದೆ.

ಅದಕ್ಕೆ ಫ್ರೀ ದಾರಿಯಿಂದಲೇ ಶುರು ಮಾಡಬೇಕು. ನನ್ನ ಹತ್ತಿರ ಬರುವವರಿಗೆ ನಾನು ಕೇಳೋದು ಒಂದೇ, ಪಬ್‌ಮೆಡ್ ಅನ್ನೋ ಮೆಡಿಕಲ್ ಪೇಪರುಗಳ ಆನ್‌ಲೈನ್ ಪಟ್ಟಿಯಲ್ಲಿ ಪ್ರತಿ ಪೇಪರಿಗೂ ಇರುವ ಪಿಎಂಐಡಿ ನಂಬರ್. ವಾಟ್ಸಾಪಿನಲ್ಲಿ ಸ್ಕ್ರೀನ್‌ಶಾಟ್ ಕಳಿಸಬೇಡಿ, ಹೆಸರು ಅರ್ಧ ಬರೆದು ಕೊಡಬೇಡಿ. ಥೀಸಿಸ್‌ನಿಂದ ಥೀಸಿಸ್‌ಗೆ ನಕಲಾಗಿ ಬಂದ ಉಲ್ಲೇಖದಲ್ಲಿ ಸಂಪುಟದ ಸಂಖ್ಯೆ, ಪುಟ, ವರ್ಷ ಏನಾದರೂ ಒಂದು ತಪ್ಪಿರುತ್ತದೆ. ನಂಬರ್ ಸರಿ ಇದ್ದರೆ ಅರ್ಧ ಕೆಲಸ ಮುಗಿದಂತೆ. ಫ್ರೀ ಸೇವೆಯಲ್ಲಂತೂ ಆ ಕಡೆ ಕೂತವರು ಪುರುಸೊತ್ತಿನಲ್ಲಿ ಮಾಡಿಕೊಡುವ ಕೆಲಸ ಇದು. ತಪ್ಪು ವಿವರ ಕಳಿಸಿದರೆ ನಮ್ಮ ರಿಕ್ವೆಸ್ಟ್ ಸುಮ್ನೆ ಮೂಲೆಗೆ ಬೀಳುತ್ತದೆ.

ಪೇಪರುಗಳನ್ನು ಪೂರ್ತಿಯಾಗಿ ಓದಲು ಇಟ್ಟಿರುವ ಪಬ್‌ಮೆಡ್ ಸೆಂಟ್ರಲ್ 2000ದಲ್ಲಿ ಶುರುವಾಯಿತು. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ನಡೆಸುತ್ತದೆ, ಪೂರ್ತಿ ಉಚಿತ. ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ದುಡ್ಡಿನಲ್ಲಿ ನಡೆದ ಸಂಶೋಧನೆಯ ಪೇಪರುಗಳು ಮೊದಲು ಒಂದು ವರ್ಷದವರೆಗೂ ತಡವಾಗಿ ಬರುತ್ತಿದ್ದವು. 2025ರ ಜುಲೈ 1ರಿಂದ ಆ ತಡ ಇಟ್ಟುಕೊಳ್ಳುವಂತಿಲ್ಲ ಅಂತ ನಿಯಮ ಬಂದಿದೆ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಹಳೇ ಸಂಚಿಕೆಗಳು 1840ರಿಂದಲೇ ಸ್ಕ್ಯಾನ್ ಆಗಿ ಇಲ್ಲಿ ಕೂತಿವೆ. ಇನ್ನೂರು ವರ್ಷದ ಹತ್ತಿರದ್ದು ಫ್ರೀ, 1993ರದ್ದಕ್ಕೆ ಮೂರು ಸಾವಿರ! ಹಳೇದಾದಷ್ಟೂ ದುಬಾರಿ ಅನ್ನೋ ಲೆಕ್ಕವೂ ಇಲ್ಲಿ ನಡೆಯಲ್ಲ ನೋಡಿ. ಯಾರಾದರೂ ಕೂತು ಸ್ಕ್ಯಾನ್ ಮಾಡಿ ಬಿಟ್ಟಿದ್ದರೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ.

ಬ್ರೌಸರಿಗೆ ಅನ್‌ಪೇವಾಲ್ ಅನ್ನೋ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ಪ್ರಕಾಶಕರ ಪುಟ ತೆರೆದಾಗ ಪಕ್ಕದಲ್ಲಿ ಹಸಿರು ಬೀಗ ಕಾಣಿಸಿದರೆ ಎಲ್ಲೋ ಒಂದು ಕಡೆ ಕಾನೂನುಬದ್ಧವಾದ ಉಚಿತ ಪ್ರತಿ ಇದೆ ಅಂತ ಅರ್ಥ. ನಮ್ಮ ಓದುವ ಕೋಣೆಯ ಕಂಪ್ಯೂಟರುಗಳಿಗೆಲ್ಲ ಇದನ್ನು ಹಾಕಿದ ಮೇಲೆ ನನ್ನ ಹತ್ತಿರ ಬರುವ ಚೀಟಿಗಳೇ ಕಡಿಮೆಯಾದವು. ನ್ಯೂ ಇಂಗ್ಲೆಂಡ್ ಜರ್ನಲ್ ಕೂಡ ಆರು ತಿಂಗಳು ಕಳೆದ ಸಂಶೋಧನಾ ಪೇಪರುಗಳನ್ನು ಹೆಸರು ನೋಂದಾಯಿಸಿದವರಿಗೆ ಫ್ರೀ ಕೊಡುತ್ತದೆ. ಆದರೆ 1990ರಿಂದ ಈಚಿನವು ಮಾತ್ರ. ನಮ್ಮ ಎಣ್ಣೆ ಕೇಸುಗಳಿಗೆ ಬೇಕಾದ ಇಂಟರ್‌ಮೀಡಿಯೆಟ್ ಸಿಂಡ್ರೋಮ್ (ವಿಷ ಸೇರಿದ ಕೆಲವು ದಿನಗಳಲ್ಲಿ ಸ್ನಾಯುಗಳು ಸೋಲುವ ಸ್ಥಿತಿ) ಪೇಪರ್ ಬಂದಿದ್ದು ಅದೇ ಪತ್ರಿಕೆಯಲ್ಲಿ, 1987ರಲ್ಲಿ. ಮೂರು ವರ್ಷದಲ್ಲಿ ತಪ್ಪಿಹೋಯಿತು!

ಬರೆದವರಿಗೇ ಮೇಲ್ ಹಾಕಿ ಕೇಳೋದು ಇನ್ನೊಂದು ದಾರಿ. ಇದು ನನಗೆ ತುಂಬಾ ಇಷ್ಟ. ಎರಡೇ ಸಾಲು ಬರೆಯಬೇಕು: ಯಾವ ಪೇಪರ್, ಯಾತಕ್ಕೆ ಬೇಕು. ಕಾಲೇಜಿನ ಇತಿಹಾಸ, ಪ್ರಿನ್ಸಿಪಾಲರ ಶುಭಾಶಯ ಇವೆಲ್ಲ ಬೇಡ. ನಮ್ಮ ದೇಶದ ಪ್ರೊಫೆಸರುಗಳು ಎಷ್ಟೋ ಸಲ ಅದೇ ದಿನ ಕಳಿಸಿದ್ದಾರೆ. ಜೊತೆಗೆ, ಆ ವಿಷಯದ ಇನ್ನೆರಡು ಪೇಪರನ್ನೂ ಸೇರಿಸಿ ಕಳಿಸಿದವರಿದ್ದಾರೆ. ತೊಂದರೆ ಬರೋದು ಮತ್ತೆ ಹಳೇದರಲ್ಲೇ. 1993ರ ಪೇಪರಿನಲ್ಲಿ ಇಮೇಲ್ ವಿಳಾಸವೇ ಇರೋದಿಲ್ಲ. ಬರೆದವರು ರಿಟೈರ್ ಆಗಿರುತ್ತಾರೆ.

ಕೋವಿಡ್ ಹೊತ್ತಿನಲ್ಲಿ, 2020ರಲ್ಲಿ, ಬೇರೆ ಬೇರೆ ದೇಶಗಳ ಲೈಬ್ರರಿಯವರು ಸೇರಿ ಆರ್‌ಎಸ್‌ಸಿವಿಡಿ ಅನ್ನೋ ಉಚಿತ ವ್ಯವಸ್ಥೆ ಶುರು ಮಾಡಿದರು. ಅದರ ಹಿಂದೆ ಇದ್ದದ್ದು ಇಫ್ಲಾ, ಅಂದರೆ ಲೈಬ್ರರಿಗಳ ಅಂತರರಾಷ್ಟ್ರೀಯ ಒಕ್ಕೂಟ. ಅಲ್ಲಿ ವಿದ್ಯಾರ್ಥಿ ನೇರವಾಗಿ ಕೇಳುವಂತಿಲ್ಲ, ಲೈಬ್ರರಿ ಕೇಳಬೇಕು. ಗುರುತು ಪರಿಚಯ ಇಲ್ಲದ ಯಾರೋ ಎದ್ದು ಹೋಗಿ ಪತ್ರಿಕೆ ಹುಡುಕಿ ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಹೀಗೆ ಬಂದ ಒಂದು ಸ್ಕ್ಯಾನಿನಲ್ಲಿ ಎರಡನೇ ಪುಟದ ಟೇಬಲ್‌ನ ಎಡಗಡೆಯ ಕಾಲಂ ಬೈಂಡಿನ ಮಡಿಕೆಯಲ್ಲಿ ಕಪ್ಪಾಗಿ ಮುಚ್ಚಿಹೋಗಿತ್ತು. ಅಂಕಗಳೆಲ್ಲ ಕಾಣುತ್ತಿದ್ದವು, ಯಾವ ಅಂಕ ಯಾವ ಲಕ್ಷಣಕ್ಕೆ ಅನ್ನೋದೇ ಕಾಣುತ್ತಿರಲಿಲ್ಲ. ಫ್ರೀಯಾಗಿ ಕಳಿಸಿದವರಿಗೆ "ಇನ್ನೊಂದು ಸಲ ಮಾಡಿ" ಅಂತ ಬರೆಯೋಕೆ ಬೆರಳೇ ಓಡಲ್ಲ. ಆದರೂ ಬರೆದೆ. ಪುಸ್ತಕವನ್ನು ಒತ್ತಿ ಹಿಡಿದು ಮತ್ತೆ ಸ್ಕ್ಯಾನ್ ಮಾಡಿ ಕಳಿಸಿದರು. ಅಂಚಿನಲ್ಲಿ ಅವರ ಹೆಬ್ಬೆರಳೂ ಬಂದಿತ್ತು.

ಇನ್ನು ದುಡ್ಡಿನ ಕಡೆ. ಇದರಲ್ಲಿ ಎರಡು ಜಾತಿ ಇವೆ. ವರ್ಷಕ್ಕೊಮ್ಮೆ ಕಾಲೇಜು ಕಟ್ಟುವುದು ಒಂದು, ಪೇಪರಿಗೆ ಇಷ್ಟು ಅಂತ ಕೊಡುವುದು ಇನ್ನೊಂದು. ವರ್ಷದ ಲೆಕ್ಕದ್ದರಲ್ಲಿ ನಮಗೆ ಮುಖ್ಯವಾದದ್ದು ಹೆಲಿನೆಟ್. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ 2003ರಲ್ಲಿ ತನ್ನ ಕಾಲೇಜುಗಳಿಗಾಗಿ ಶುರು ಮಾಡಿದ್ದು. ಎಲ್ಲ ಕಾಲೇಜು ಸೇರಿ ದುಡ್ಡು ಹಾಕಿ ಪತ್ರಿಕೆಗಳನ್ನು ತರಿಸುವ ವ್ಯವಸ್ಥೆ. ದಿನನಿತ್ಯದ ಕೆಲಸ ಇದರಲ್ಲೇ ಆಗುತ್ತದೆ. ಡೆಲ್‌ನೆಟ್ ಇನ್ನೊಂದು. 1988ರಲ್ಲಿ ದೆಹಲಿಯ ಲೈಬ್ರರಿಗಳ ನಡುವೆ ಶುರುವಾಗಿ ಈಗ ದೇಶದ ತುಂಬಾ ಸದಸ್ಯರಿದ್ದಾರೆ. ಯಾವ ಲೈಬ್ರರಿಯಲ್ಲಿ ಯಾವ ಪತ್ರಿಕೆ ಇದೆ ಅಂತ ನೋಡಿ ಕೇಳಬಹುದು. ಅಚ್ಚಿನ ಹಳೇ ಸಂಪುಟಗಳಿಗೆ ಇದು ನಿಜವಾಗಿ ಕೆಲಸಕ್ಕೆ ಬರುತ್ತದೆ. ನಿಧಾನ, ಆದರೆ ಬರುತ್ತದೆ.

ಇದೇ ಊರಿನ ಸರ್ಕಾರಿ ಮೆಡಿಕಲ್ ಕಾಲೇಜು ರಿಮ್ಸ್‌ನವರಿಗೆ ಇನ್ನೊಂದು ಅನುಕೂಲ ಸಿಕ್ಕಿದೆ. ಇಡೀ ದೇಶಕ್ಕೆ ಸೇರಿಸಿ ಪತ್ರಿಕೆಗಳ ಚಂದಾ ಕಟ್ಟುವ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, 13,000ದಷ್ಟು ಪತ್ರಿಕೆಗಳು. ಆದರೆ ಇದು ಕೇಂದ್ರ, ರಾಜ್ಯ ಸರ್ಕಾರಗಳು ನಡೆಸುವ ಸಂಸ್ಥೆಗಳಿಗೆ. ನಮ್ಮಂಥ ಖಾಸಗಿ ಕಾಲೇಜು ಹೊರಗೆ. ರಿಮ್ಸ್‌ನಲ್ಲಿ ಓದುವ ಪಿಜಿ, ನಮ್ಮಲ್ಲಿ ಓದುವ ಪಿಜಿ ಒಂದೇ ವಿಶ್ವವಿದ್ಯಾಲಯದ ಪರೀಕ್ಷೆ ಬರೆಯುತ್ತಾರೆ, ಒಂದೇ ತರದ ರೋಗಿಗಳನ್ನು ನೋಡುತ್ತಾರೆ. ಒಬ್ಬರಿಗೆ ಬಾಗಿಲು ತೆರೆದಿದೆ, ಇನ್ನೊಬ್ಬರು ಚೀಟಿ ಹಿಡಿದು ನನ್ನ ಹತ್ತಿರ ಬರುತ್ತಾರೆ. ನನಗೆ ಇದು ಸರಿ ಅನಿಸಲ್ಲ.

ಹಾಗಂತ ಚಂದಾ ಇದ್ದ ಮಾತ್ರಕ್ಕೆ ಎಲ್ಲ ಸಿಗುತ್ತದೆ ಅಂದುಕೊಳ್ಳಬೇಡಿ. ಎಷ್ಟೋ ಪ್ರಕಾಶಕರು ಈಚಿನ ವರ್ಷಗಳನ್ನು ಒಂದು ಕಟ್ಟಾಗಿ, ಹಳೇ ಸಂಗ್ರಹವನ್ನು ಬೇರೆ ಕಟ್ಟಾಗಿ ಮಾರುತ್ತಾರೆ. ಪತ್ರಿಕೆಯ ಹೆಸರು ಪಟ್ಟಿಯಲ್ಲಿ ಇರುತ್ತದೆ, ನಮಗೆ ಬೇಕಾದ ವರ್ಷ ಮಾತ್ರ ಇರಲ್ಲ.

ಬಿಡಿಬಿಡಿಯಾಗಿ ದುಡ್ಡು ಕೊಡುವ ಸೇವೆಗಳ ಗುಣ ಒಂದೇ: ಹೇಳಿದ ಹೊತ್ತಿಗೆ ಬರುತ್ತದೆ. ಸಿನಾಪ್ಸಿಸ್ (ಥೀಸಿಸ್‌ಗೆ ಮೊದಲು ಕೊಡುವ ರೂಪರೇಷೆ) ಕೊಡುವ ವಾರದಲ್ಲಿ ಆ ಒಂದು ಗುಣಕ್ಕೆ ಬೆಲೆ ಕಟ್ಟೋಕಾಗಲ್ಲ. ಪುಟ ಮಸುಕಾಗಿದ್ದರೆ ಸಂಕೋಚ ಇಲ್ಲದೆ ಜಗಳ ಆಡಬಹುದು, ಅದೂ ಒಂದು ಸುಖ. ಆದರೆ ನಮ್ಮ ಕಡೆಯ ತಾಪತ್ರಯವೇ ಬೇರೆ. ಡಾಲರಿನಲ್ಲಿ ಕಟ್ಟಬೇಕು. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಪಾವತಿ ನಾವೇ ಆನ್ ಮಾಡಿಸಿಕೊಳ್ಳಬೇಕು. ಡಾಲರಿನ ಮೇಲೆ ಬ್ಯಾಂಕಿನವರ ಕಮಿಷನ್ ಬೇರೆ. ಆಮೇಲೆ ಅಕೌಂಟ್ಸ್ ಸೆಕ್ಷನ್. ಬಿಲ್ಲು ಹಿಡಿದು ಹೋದರೆ ಅಲ್ಲಿನವರು ಕನ್ನಡಕ ಮೇಲೆತ್ತಿ ಕೇಳಿದ್ದು: "ಅಲ್ರೀ ಸರ್, ಮೂರು ಕೊಟೇಶನ್ ಎಲ್ಲಿ? ಇದನ್ನ ಸ್ಟಾಕ್ ರಿಜಿಸ್ಟರ್‌ನಾಗ ಎಲ್ಲಿ ಬರೀಲಿ?" ಒಂದು ಪೇಪರನ್ನು ಜಗತ್ತಿನಲ್ಲಿ ಒಬ್ಬರೇ ಮಾರುವಾಗ ಮೂರು ಕೊಟೇಶನ್ ಎಲ್ಲಿಂದ ತರೋದು, ಹೇಳಿ. ಕೊನೆಗೆ ಪ್ರಿಂಟ್ ತೆಗೆದು, ಸ್ಟೇಪಲ್ ಹೊಡೆದು, ಸೀಲ್ ಹಾಕಿ, ಬಿಡಿ ಪ್ರತಿ ಅಂತ ಎಂಟ್ರಿ ಮಾಡಿಸಿದ್ದಾಯಿತು.

ಒಂದು ವಿದೇಶಿ ಸೇವೆಯಿಂದ ದುಡ್ಡು ಕೊಟ್ಟು ತರಿಸಿದ ಪಿಡಿಎಫ್ ಡೌನ್‌ಲೋಡ್ ಮಾಡಿದ ಕಂಪ್ಯೂಟರಿನಲ್ಲಿ ಮಾತ್ರ ತೆರೆಯುತ್ತಿತ್ತು. ಅದೂ ಅವರು ಹೇಳಿದ ಸಾಫ್ಟ್‌ವೇರ್ ಹಾಕಿದ ಮೇಲೆ. ಪ್ರಿಂಟ್ ಕೂಡ ಒಂದೇ ಸಲ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡಿತು ಅಂದರೆ ಮುಗೀತು, ಮತ್ತೆ ಮೇಲ್ ಬರೆಯಬೇಕು. ಫ್ರೀ ಬಂದ ಪಿಡಿಎಫ್ ಮೊಬೈಲಿನಲ್ಲೂ ತೆರೆಯುತ್ತದೆ, ದುಡ್ಡು ಕೊಟ್ಟಿದ್ದು ತೆರೆಯಲ್ಲ. ಇದು ಯಾವ ನ್ಯಾಯ!

ಈ ಕೆಲಸದಲ್ಲಿ ದೊಡ್ಡ ಹೆಸರು ಬ್ರಿಟಿಷ್ ಲೈಬ್ರರಿಯದ್ದು. ಯಾರ್ಕ್‌ಷೈರಿನ ಬಾಸ್ಟನ್ ಸ್ಪಾದಲ್ಲಿ 1962ರಿಂದ ಇಂಥ ಪ್ರತಿ ಕಳಿಸುವ ಕೆಲಸ ನಡೆದುಕೊಂಡು ಬಂದಿದೆ. 2023ರ ಅಕ್ಟೋಬರಿನಲ್ಲಿ ಅವರ ಮೇಲೆ ಸೈಬರ್ ದಾಳಿಯಾಗಿ ಆನ್‌ಲೈನ್ ವ್ಯವಸ್ಥೆ ನೆಲ ಕಚ್ಚಿತು, ಸುಧಾರಿಸಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯಿತು. ಅಂಥವರದ್ದೇ ಹಾಗಾದ ಮೇಲೆ, ದುಡ್ಡಿನ ಸೇವೆ ಅಂದ ಮಾತ್ರಕ್ಕೆ ಒಂದನ್ನೇ ನೆಚ್ಚಿ ಕೂರಬಾರದು ಅಂತ ನಾನು ಎರಡು ಕಡೆ ಖಾತೆ ಇಟ್ಟುಕೊಂಡಿದ್ದೇನೆ.

ಪ್ರಕಾಶಕರ ಅನುಮತಿ ಇಲ್ಲದೆ ಪೇಪರುಗಳನ್ನು ಫ್ರೀಯಾಗಿ ಹಂಚುವ ಸೈಟ್ ಸೈ-ಹಬ್ ಬಗ್ಗೆ ಕೇಳೇ ಕೇಳ್ತೀರಿ. 2020ರಲ್ಲಿ ಪ್ರಕಾಶಕರು ದೆಹಲಿ ಹೈಕೋರ್ಟಿನಲ್ಲಿ ಕೇಸು ಹಾಕಿದರು, 2025ರ ಆಗಸ್ಟಿನಲ್ಲಿ ಸೈಟನ್ನು ತಡೆಹಿಡಿಯಲು ಕೋರ್ಟ್ ಆದೇಶ ಮಾಡಿತು. ಕಾಲೇಜಿನ ಸೀಲ್ ಹಾಕಿ ಕೊಡುವ ಕೆಲಸದಲ್ಲಿ ನಾನು ಅದನ್ನು ಮುಟ್ಟಲ್ಲ. ಸ್ವಂತ ಓದಿಗೆ, ಸಂಶೋಧನೆಗೆ ನ್ಯಾಯವಾದ ಬಳಕೆ ಮಾಡಿಕೊಳ್ಳಲು ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ. ಹಾಗಾಗಿ ಕೇಳಿದವರಿಗೆ ಒಂದು ಪ್ರತಿ ಕೊಡ್ತೀನಿ. ಅದನ್ನು ಬ್ಯಾಚಿನ ಗ್ರೂಪಿಗೆ ಹಾಕಬೇಡಿ ಅಂತ ಹೇಳಿಯೇ ಕೊಡೋದು.

ನಕ್ಷತ್ರ ಕೊಡೋದಾದರೆ ಪಬ್‌ಮೆಡ್ ಸೆಂಟ್ರಲ್, ಅನ್‌ಪೇವಾಲ್ ಜೋಡಿಗೆ ಐದಕ್ಕೆ ಐದು. ಬರೆದವರಿಗೆ ಮೇಲ್ ಹಾಕೋದಕ್ಕೆ ನಾಲ್ಕು. ಆರ್‌ಎಸ್‌ಸಿವಿಡಿಗೂ ನಾಲ್ಕು, ಯಾವಾಗ ಬರುತ್ತೆ ಅಂತ ಮಾತು ಕೊಡೋಕಾಗಲ್ಲ ಅಂತ ಒಂದು ಕಡಿಮೆ. ಹೆಲಿನೆಟ್, ಡೆಲ್‌ನೆಟ್ ಎರಡಕ್ಕೂ ನಾಲ್ಕು. ಬಿಡಿ ಪೇಪರ್ ಮಾರುವ ಪ್ರಕಾಶಕರ ಪುಟಗಳಿಗೆ ಎರಡು, ಅದೂ ರಾತ್ರಿ ಹನ್ನೊಂದಕ್ಕೂ ಪೇಪರ್ ಸಿಗುತ್ತೆ ಅನ್ನೋ ಕಾರಣಕ್ಕೆ.

ಪಿಜಿಗಳಿಗೆ ಒಂದು ಮಾತು. ಪೇಪರ್ ಬೇಕು ಅಂತ ಗೊತ್ತಾದ ದಿನವೇ ಚೀಟಿ ಕೊಡಿ, ಸಿನಾಪ್ಸಿಸ್ ಹಿಂದಿನ ದಿನ ಬೇಡ. ಹತ್ತು ದಿನ ಟೈಮ್ ಇದ್ದರೆ ಫ್ರೀ ದಾರಿ ಎಲ್ಲ ನೋಡಿಬಿಡ್ತೀನಿ. ಒಂದೇ ದಿನ ಇದ್ದರೆ ಕಾರ್ಡು ಉಜ್ಜಬೇಕು. ಅಕೌಂಟ್ಸ್‌ನವರ ಹತ್ತಿರ ಹೋಗೋವಾಗ ಆಗ ನೀವೂ ಜೊತೆಗೆ ಬರಬೇಕು.