ಫಂಗಿಸ್ಮ್ಯಾಶ್ ರಿವ್ಯೂ: ಜಾಗ ಕರೆಕ್ಟಾಗಿ ತೋರಿಸುತ್ತೆ, ಅಲ್ಲಿ ಏನು ತಯಾರಾಗುತ್ತೆ ಅನ್ನೋದು ಬೇರೆ ಮಾತು

ಫಂಗಿಸ್ಮ್ಯಾಶ್ ಅನ್ನೋದು ಫ್ರೀ ವೆಬ್ ಸರ್ವಿಸ್, ಲಾಗಿನ್ ಬೇಡ, ಇಮೇಲ್ ಕೊಟ್ರೆ ಕೆಲಸ ಮುಗಿದಾಗ ಮೇಲ್ ಬರುತ್ತೆ, ಕೊಡದಿದ್ರೂ ನಡೆಯುತ್ತೆ. ಫಂಗಸ್ ಜೀನೋಮ್ ಕೈಯಲ್ಲಿಟ್ಕೊಂಡು ಇದ್ರಲ್ಲಿ ನ್ಯಾಚುರಲ್ ಕಾಂಪೌಂಡ್ ತಯಾರಿಸೋ ಜೀನ್‌ಗಳು ಎಲ್ಲೆಲ್ಲಿವೆ ಅಂತ ಹುಡುಕೋರು ಹೆಚ್ಚುಕಮ್ಮಿ ಎಲ್ರೂ ಮೊದ್ಲು ಬರೋದು ಇಲ್ಲಿಗೇ. ಬ್ಯಾಕ್ಟೀರಿಯಾಗೆ 2011ರಿಂದ ಇರೋ ಆಂಟಿಸ್ಮ್ಯಾಶ್‌ನ ಫಂಗಸ್ ಆವೃತ್ತಿ ಇದು, ಮೂಲ ಕೋಡ್ ಓಪನ್ ಸೋರ್ಸ್, ಬೇಕಿದ್ರೆ ನಿಮ್ಮ ಕಂಪ್ಯೂಟರ್‌ನಲ್ಲೇ ಹಾಕ್ಕೊಂಡು ಓಡಿಸಬಹುದು. ನನ್ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್.

ಇದು ಕೆಲಸ ಮಾಡೋದಕ್ಕೆ ಕಾರಣ ಫಂಗಸ್‌ಗಳ ಒಂದು ಒಳ್ಳೇ ಗುಣ. ಪೆನಿಸಿಲಿನ್ ಆಗ್ಲಿ ಕೊಲೆಸ್ಟ್ರಾಲ್ ಇಳಿಸೋ ಲೋವಾಸ್ಟಾಟಿನ್ ಆಗ್ಲಿ, ಒಂದು ಕಾಂಪೌಂಡ್ ತಯಾರಿಸೋಕೆ ಬೇಕಾದ ಜೀನ್‌ಗಳು ಸಾಮಾನ್ಯವಾಗಿ ಕ್ರೋಮೋಸೋಮ್ ಮೇಲೆ ಅಕ್ಕಪಕ್ಕದಲ್ಲೇ ಗುಂಪಾಗಿ (ಇದಕ್ಕೇ ಕ್ಲಸ್ಟರ್ ಅನ್ನೋದು) ಇರ್ತವೆ, ಅಫ್ಲಾಟಾಕ್ಸಿನ್ ಅನ್ನೋ ವಿಷದ್ದಂತೂ ಸುಮಾರು 70 ಸಾವಿರ ಬೇಸ್ ಉದ್ದದ ದೊಡ್ಡ ಕ್ಲಸ್ಟರ್, ಅದರೊಳಗೇ ಇಡೀ ಗುಂಪನ್ನ ಆನ್ ಮಾಡೋ ರೆಗ್ಯುಲೇಟರ್ ಜೀನ್ ಕೂಡ ಇದೆ. ಹಾಗಾಗಿ ಪಾಲಿಕೀಟೈಡ್ ಸಿಂಥೇಸ್, ಎನ್‌ಆರ್‌ಪಿಎಸ್, ಟರ್ಪೀನ್ ಸಿಂಥೇಸ್ (ಇವೆಲ್ಲಾ ಕಾಂಪೌಂಡ್‌ನ ಮೂಲ ಚೌಕಟ್ಟು ಕಟ್ಟೋ ಎನ್‌ಜೈಮ್‌ಗಳು) ಥರದ ಮುಖ್ಯ ಜೀನ್ ಒಂದನ್ನ ಹಿಡಿದ್ರೆ ಉಳಿದವು ಆಚೀಚೆ ಸಿಕ್ಕೇ ಸಿಗ್ತವೆ ಅನ್ನೋ ಲೆಕ್ಕಾಚಾರ.

ಈಗ ಮುಖ್ಯ ವಿಷ್ಯ, ಇನ್‌ಪುಟ್. ಇಲ್ಲೇ ಅರ್ಧಕ್ಕರ್ಧ ಜನ ಎಡವೋದು. ಬರೀ ಫಾಸ್ಟಾ ಫೈಲ್ (ಡಿಎನ್‌ಎ ಅಕ್ಷರಗಳಷ್ಟೇ ಇರೋದು) ಎಸೆದು ಕೂರ್ಬೇಡಿ, ಜೊತೆಗೆ ಒಳ್ಳೇ ಜಿಎಫ್‌ಎಫ್3 (ಜೀನ್‌ಗಳು ಎಲ್ಲಿಂದ ಎಲ್ಲಿವರೆಗೆ ಅಂತ ಗುರುತು ಹಾಕಿದ ಫೈಲ್) ಕೊಡಿ ಅಥವಾ ಆ ಗುರುತು, ಅಂದ್ರೆ ಅನೋಟೇಷನ್, ಇರೋ ಜೆನ್‌ಬ್ಯಾಂಕ್ ಫೈಲ್ ಕೊಡಿ. ಬ್ಯಾಕ್ಟೀರಿಯಾದಲ್ಲಿ ಇಂಟ್ರಾನ್ (ಪ್ರೋಟೀನ್ ಆಗೋ ಮುಂಚೆ ಕತ್ತರಿಸಿ ಹೋಗೋ ತುಂಡು) ಗಲಾಟೆ ಇಲ್ಲ, ಜೀನ್ ಗುರುತಿಸೋದು ಸಲೀಸು, ಫಂಗಸ್‌ನಲ್ಲಿ ಜೀನ್ ಮಧ್ಯೆ ಮಧ್ಯೆ ಚಿಕ್ಕ ಚಿಕ್ಕ ಇಂಟ್ರಾನ್ ಕೂತಿರ್ತವೆ, ಒಂದು ಇಂಟ್ರಾನ್ ಗಡಿ ತಪ್ಪಾದ್ರೂ ಸಾಕು ಏಳೆಂಟು ಸಾವಿರ ಬೇಸ್‌ನ ಒಂದು ಪಾಲಿಕೀಟೈಡ್ ಸಿಂಥೇಸ್ ಎರಡು ತುಂಡಾಗಿ ಕಾಣಿಸುತ್ತೆ, ಸರಪಳಿ ಕಟ್ಟೋ ಕೆಎಸ್ ಡೊಮೈನ್ (ಎನ್‌ಜೈಮ್‌ನ ಒಂದು ಭಾಗ) ಒಂದರಲ್ಲಿ, ಸರಪಳಿ ಹಿಡ್ಕೊಳ್ಳೋ ಎಸಿಪಿ ಇನ್ನೊಂದರಲ್ಲಿ, ನೋಡಿದವರು ಆಹಾ ಹೊಸಾ ಥರದ ಎನ್‌ಜೈಮ್ ಅಂತ ಕುಣಿಯೋದು. ಕೆಲವು ಸೀಕ್ವೆನ್ಸಿಂಗ್ ಸರ್ವಿಸ್‌ನವರು ಕೊಡೋ ಆಟೋಮ್ಯಾಟಿಕ್ ಅನೋಟೇಷನ್‌ದೂ ಇದೇ ಕಥೆ, ಅದನ್ನ ಹಾಗೇ ಅಪ್‌ಲೋಡ್ ಮಾಡಿ ಆಮೇಲೆ ಟೂಲ್‌ನ ಬೈಯೋದ್ರಲ್ಲಿ ಅರ್ಥ ಇಲ್ಲ. ಆರ್‌ಎನ್‌ಎ ಸೀಕ್ವೆನ್ಸಿಂಗ್ ಡೇಟಾ ಇದ್ರೆ ಅದನ್ನ ಬಳಸಿ ಜೀನ್ ಮಾಡೆಲ್ ಮೊದ್ಲು ಸರಿ ಮಾಡ್ಕೊಳ್ಳಿ.

ಸೆಟ್ಟಿಂಗ್‌ನಲ್ಲಿ ಹುಡುಕಾಟ ಎಷ್ಟು ಬಿಗಿ ಇರ್ಬೇಕು ಅನ್ನೋದಕ್ಕೆ ಸ್ಟ್ರಿಕ್ಟ್, ರಿಲ್ಯಾಕ್ಸ್ಡ್, ಲೂಸ್ ಅಂತ ಮೂರಿವೆ. ರಿಲ್ಯಾಕ್ಸ್ಡ್ ಸಾಕು. ಲೂಸ್ ಹಾಕಿದ್ರೆ ಫ್ಯಾಟಿ ಆಸಿಡ್, ಸಕ್ಕರೆ ಸಂಬಂಧದ್ದೆಲ್ಲಾ ಬಂದು ಪಟ್ಟಿ ಉದ್ದ ಆಗುತ್ತೆ ಅಷ್ಟೇ.

ರಿಸಲ್ಟ್ ಪೇಜ್ ಮಾತ್ರ ನಿಜ್ವಾಗ್ಲೂ ಚೆನ್ನಾಗಿದೆ. ಮುಖ್ಯ ಜೀನ್ ಗಾಢ ಕೆಂಪು, ಸಹಾಯಕ ಜೀನ್ ಗುಲಾಬಿ, ಟ್ರಾನ್ಸ್‌ಪೋರ್ಟರ್ ನೀಲಿ, ರೆಗ್ಯುಲೇಟರ್ ಹಸಿರು, ಉಳಿದದ್ದು ಬೂದು. ಹೊಸಬರು ಮೊದ್ಲು ಗೊತ್ತಿರೋ ಕ್ಲಸ್ಟರ್ ಮೇಲೆ ಕೈ ಪಳಗಿಸಿಕೊಳ್ಳಿ ಅಂತೀನಿ, ಆಸ್ಪರ್ಜಿಲಸ್ ಟೆರಿಯಸ್‌ನ ಲೋವಾಸ್ಟಾಟಿನ್ ಕ್ಲಸ್ಟರ್ ಅದಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲಿ ಲವ್‌ಬಿ ಅನ್ನೋ ಎನ್‌ಜೈಮ್ ಮುಖ್ಯ ಸರಪಳಿ ಕಟ್ಟುತ್ತೆ, ಲವ್‌ಎಫ್ ಪಕ್ಕದ ಚಿಕ್ಕ ತುಂಡು ಮಾಡುತ್ತೆ, ಲವ್‌ಡಿ ಎರಡನ್ನೂ ಸೇರಿಸುತ್ತೆ. ಮಜಾ ಏನಪ್ಪಾ ಅಂದ್ರೆ ಲವ್‌ಬಿಯಲ್ಲಿ ಎನಾಯ್ಲ್ ರಿಡಕ್ಟೇಸ್ ಡೊಮೈನ್ ಜಾಗ ಇದೆ ಆದ್ರೆ ಅದು ಸತ್ತಿದೆ, ಆ ಕೆಲಸ ಮಾಡೋದು ಲವ್‌ಸಿ ಅನ್ನೋ ಬೇರೆ ಪ್ರೋಟೀನ್. ಅಂದ್ರೆ ಡೊಮೈನ್ ಇದೆ ಅಂದ ಮಾತ್ರಕ್ಕೆ ಅದು ದುಡೀತಿದೆ ಅಂತಲ್ಲ. ಮೇಲಿಂದ ಫಂಗಸ್ ಪಾಲಿಕೀಟೈಡ್ ಸಿಂಥೇಸ್ ಇಟರೇಟಿವ್, ಇರೋ ಒಂದೇ ಸೆಟ್ ಡೊಮೈನ್‌ಗಳನ್ನ ಮತ್ತೆ ಮತ್ತೆ ಬಳಸುತ್ತೆ, ಎಷ್ಟು ಸುತ್ತು, ಯಾವ ಸುತ್ತಲ್ಲಿ ಯಾವ ಡೊಮೈನ್ ಅನ್ನೋದು ಸೀಕ್ವೆನ್ಸ್ ನೋಡಿ ಹೇಳೋಕಾಗಲ್ಲ. ಬ್ಯಾಕ್ಟೀರಿಯಾದ ಮಾಡ್ಯುಲರ್ ಎನ್‌ಜೈಮ್‌ಗಳಲ್ಲಿ ಡೊಮೈನ್ ಸಾಲು ಓದ್ಕೊಂಡು ಹೋದ್ರೆ ಕಾಂಪೌಂಡ್‌ನ ಅಂದಾಜು ಸಿಗುತ್ತಲ್ಲ, ಆ ಆಸೆ ಇಲ್ಲಿ ಇಟ್ಕೋಬೇಡಿ.

ಅದೇ ಲೋವಾಸ್ಟಾಟಿನ್ ಕ್ಲಸ್ಟರ್‌ನಲ್ಲಿ ಎಚ್‌ಎಂಜಿ-ಸಿಒಎ ರಿಡಕ್ಟೇಸ್ ಜೀನ್‌ನ ಇನ್ನೊಂದು ಕಾಪಿ ಇದೆ, ಅದೇ ರೀ, ಲೋವಾಸ್ಟಾಟಿನ್ ತಡೆಯೋದೇ ಈ ಎನ್‌ಜೈಮ್‌ನ. ತಾನೇ ತಯಾರಿಸೋ ವಿಷದಿಂದ ತನ್ನನ್ನ ಕಾಪಾಡ್ಕೊಳ್ಳೋಕೆ ಫಂಗಸ್ ಮಾಡ್ಕೊಂಡಿರೋ ವ್ಯವಸ್ಥೆ. ಇಂಥ ಜೀನ್‌ಗಳು ಬೂದು ಬಣ್ಣದಲ್ಲಿ ಸುಮ್ನೆ ಕೂತಿರಬಹುದು, ಬಣ್ಣ ಬಣ್ಣದ್ದಷ್ಟೇ ನೋಡಿ ಮುಂದೆ ಹೋಗೋರಿಗೆ ಕಣ್ಣಿಗೇ ಬೀಳಲ್ಲ. 2018ರಲ್ಲಿ ಇದೇ ಸುಳಿವು ಹಿಡ್ಕೊಂಡು ಆಸ್ಪ್‌ಟೆರಿಕ್ ಆಸಿಡ್ ಅನ್ನೋ ಫಂಗಸ್ ಕಾಂಪೌಂಡ್ ಗಿಡಗಳ ಯಾವ ಎನ್‌ಜೈಮ್‌ನ ತಡೆಯುತ್ತೆ ಅಂತ ಕಂಡುಹಿಡಿದ್ರು, ಕಳೆನಾಶಕಕ್ಕೆ ಹೊಸ ದಾರಿ ಸಿಕ್ತು. ಈ ಥರದ್ದನ್ನೇ ಹುಡುಕ್ಬೇಕು ಅಂದ್ರೆ ಫನ್‌ಆರ್ಟ್ಸ್ ಅಂತ ಬೇರೆ ಟೂಲ್ ಇದೆ, ಅದನ್ನೂ ಓಡಿಸಿ.

ಗೊತ್ತಿರೋ ಕ್ಲಸ್ಟರ್ ಜೊತೆ ಹೋಲಿಕೆ ತೋರ್ಸೋ ಕಾಲಂ ಬಗ್ಗೆ ಸ್ವಲ್ಪ ಗಲಾಟೆ ಮಾಡ್ಲೇಬೇಕು. ಶೇಕಡಾ ತೋರಿಸೋ ವರ್ಶನ್‌ಗಳಲ್ಲಿ 100 ಅಂತ ಬಂದ್ರೆ ನಮ್ ಫಂಗಸ್ ಅದೇ ಕಾಂಪೌಂಡ್ ಮಾಡುತ್ತೆ ಅಂತ ಬರೆದುಬಿಡ್ತಾರೆ ಜನ. ಆ ಸಂಖ್ಯೆ ಹೇಳೋದು ಗೊತ್ತಿರೋ ಕ್ಲಸ್ಟರ್‌ಗಳನ್ನ ಸೇರಿಸಿಟ್ಟಿರೋ ಮಿಬಿಗ್ ಡೇಟಾಬೇಸ್‌ನಲ್ಲಿರೋ ಕ್ಲಸ್ಟರ್‌ನ ಎಷ್ಟು ಜೀನ್‌ಗೆ ನಿಮ್ಮಲ್ಲಿ ಹೋಲುವ ಜೀನ್ ಸಿಕ್ತು ಅನ್ನೋದನ್ನ ಮಾತ್ರ. ಮಿಬಿಗ್ ಎಂಟ್ರಿಯಲ್ಲಿ ಒಂದೇ ಜೀನ್ ಇದ್ರೆ ಒಂದು ಹೊಂದಿದ್ರೂ 100 ಆಯ್ತಲ್ಲ! ಹಾಗೇ ರೀಜನ್‌ನ (ಕ್ಲಸ್ಟರ್ ಇದೆ ಅಂತ ಟೂಲ್ ಗುರುತಿಸೋ ಜಾಗ) ಗಡಿಗಳೂ ಅಷ್ಟೇ, ಮುಖ್ಯ ಜೀನ್‌ನ ಎರಡೂ ಕಡೆ ಇಂತಿಷ್ಟು ಅಂತ ಅಳೆದು ಹಾಕಿದ ಗೆರೆ, ನಿಜವಾದ ಕ್ಲಸ್ಟರ್ ಅಲ್ಲಿಗೇ ಮುಗಿಯುತ್ತೆ ಅಂತೇನಿಲ್ಲ. ಕಾಂಟಿಗ್ (ಜೋಡಿಸಿದ ಜೀನೋಮ್‌ನ ಒಂದು ತುಂಡು) ಅಂಚಲ್ಲಿದೆ ಅಂತ ಎಚ್ಚರಿಕೆ ಬಂದ್ರೆ ಆ ಕ್ಲಸ್ಟರ್ ತುಂಡಾಗಿರೋ ಸಾಧ್ಯತೆ ಜಾಸ್ತಿ, ಉದ್ದ ರೀಡ್ ಸೀಕ್ವೆನ್ಸಿಂಗ್ ಮಾಡಿಸೋದು ವಾಸಿ.

ಕೈಗೆ ಸಿಗದ್ದೂ ಇದೆ. ಆಸ್ಪರ್ಜಿಲಸ್ ನಿಡುಲಾನ್ಸ್‌ನಲ್ಲಿ ಆಸ್ಟಿನಾಲ್ ತಯಾರಿಸೋ ಜೀನ್‌ಗಳು ಎರಡು ಬೇರೆ ಬೇರೆ ಕ್ರೋಮೋಸೋಮ್‌ನಲ್ಲಿವೆ, ಅಂಥದ್ದು ಇಲ್ಲಿ ಎರಡು ಸಂಬಂಧ ಇಲ್ಲದ ರೀಜನ್ ಥರ ಕಾಣುತ್ತೆ, ಜೋಡಿಸಬೇಕಾದವರು ನೀವೇ. ಇನ್ನು ಕ್ಲಸ್ಟರ್ ಇದ್ರೂ ಲ್ಯಾಬ್‌ನಲ್ಲಿ ಬೆಳೆಸಿದಾಗ ಎಷ್ಟೋ ಕ್ಲಸ್ಟರ್ ಆನ್ ಆಗೋದೇ ಇಲ್ಲ, ಅದು ಟೂಲ್ ತಪ್ಪಲ್ಲ, ಫಂಗಸ್‌ನ ಜಾಯಮಾನ. ಹಲವು ಕ್ಲಸ್ಟರ್‌ಗಳನ್ನ ಒಟ್ಟಿಗೆ ನಿಯಂತ್ರಿಸೋ ಲೇಎ ಥರದ ರೆಗ್ಯುಲೇಟರ್ ಮುಟ್ಟಿ ನೋಡ್ಬೇಕು, ಇಲ್ಲಾ ಇಡೀ ಕ್ಲಸ್ಟರ್‌ನ ಆಸ್ಪರ್ಜಿಲಸ್ ಒರೈಝೀ ಅನ್ನೋ ಬೇರೆ ಫಂಗಸ್‌ಗೆ ಸಾಗಿಸಿ ಮಾಸ್ ಸ್ಪೆಕ್‌ನಲ್ಲಿ ಹೊಸ ಪೀಕ್ ಬರುತ್ತಾ ಅಂತ ಕಾಯ್ಬೇಕು.

ಮುಗಿದ ಮೇಲೆ ಜಿಪ್ ಫೈಲ್ ಡೌನ್‌ಲೋಡ್ ಮಾಡ್ಕೊಳ್ಳಿ, ಸರ್ವರ್‌ನಲ್ಲಿ ರಿಸಲ್ಟ್ ಶಾಶ್ವತವಾಗಿ ಇರಲ್ಲ. ಅದರೊಳಗೆ ಪ್ರತಿ ರೀಜನ್‌ಗೂ ಒಂದೊಂದು ಜೆನ್‌ಬ್ಯಾಂಕ್ ಫೈಲ್ ಇರುತ್ತೆ, ಅದನ್ನೇ ನೇರ ಕ್ಲಸ್ಟರ್ ಹೋಲಿಸೋ ಟೂಲ್‌ಗಳಾದ ಬಿಗ್‌ಸ್ಕೇಪ್‌ಗೋ ಕ್ಲಿಂಕರ್‌ಗೋ ಕೊಡಬಹುದು, ಹತ್ತಾರು ಜೀನೋಮ್ ಹೋಲಿಸೋರಿಗೆ ಇದೊಂದೇ ಸೌಲಭ್ಯಕ್ಕೆ ನಾಲ್ಕು ಸ್ಟಾರ್ ಕೊಡಬಹುದು. ಐದನೇದು ಇಟ್ಕೊಂಡಿದ್ದು ಆ ಹೋಲಿಕೆ ಕಾಲಂಗೆ, ಅದರ ಅರ್ಥ ಏನು ಅಂತ ಅಲ್ಲೇ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಹಾಕೋವರೆಗೂ ಕೊಡಲ್ಲ.