ಜಲವರ್ಣದ ಹಾಳೆಯಲ್ಲಿ ಕನ್ನಡ ಅಕ್ಷರ: ನಾಲ್ಕು ದಾರಿಗಳ ಹೋಲಿಕೆ

ಚಿತ್ರವೂ ನಾಲ್ಕು ಸಾಲಿನ ಕವಿತೆಯೂ ಒಂದೇ ಹಾಳೆಯಲ್ಲಿ ಬರಬೇಕು ಎಂದು ಕೂತರೆ ಮೊದಲು ಏಳುವ ಪ್ರಶ್ನೆ: ಮೊದಲು ಬರೆಯುವುದೋ, ಮೊದಲು ಬಣ್ಣ ಹಾಕುವುದೋ? ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ಹೇಳಿಕೊಡುವ ಪಾಠಗಳು ಇಲ್ಲಿ ಪೂರ್ತಿ ಕೈ ಹಿಡಿಯುವುದಿಲ್ಲ. ನಮ್ಮ ಲಿಪಿಯಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ, ಕೊಂಬು ಪಕ್ಕಕ್ಕೆ ಚಾಚುತ್ತದೆ. ಈ ಸಣ್ಣ ಭಾಗಗಳು ಉಳಿದರೆ ಮಾತು ಉಳಿಯಿತು, ಕಲಸಿಹೋದರೆ ಅದು ಬರೀ ಅಲಂಕಾರ.

ನಾಲ್ಕೂ ವಿಧಾನಗಳನ್ನು ಒಂದೇ ಬಗೆಯ ಹಾಳೆಯಲ್ಲಿ ಮಾಡಿ ನೋಡಿದೆವು: ಎ5 ಅಳತೆ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕ), ನೂರಕ್ಕೆ ನೂರು ಹತ್ತಿಯ, ಮೈ ಸ್ವಲ್ಪ ತರಿಯಾದ ಕೋಲ್ಡ್ ಪ್ರೆಸ್ಡ್ ಕಾಗದ. ಬಣ್ಣ ಅಲ್ಟ್ರಾಮರೀನ್ ನೀಲಿ ಮತ್ತು ಕೆಂಗಂದಿನ ಬರ್ಂಟ್ ಸಿಯೆನ್ನಾ. ಬರೆದದ್ದು ‘ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ’. ಮಹಾಪ್ರಾಣ ಉಳಿಯುತ್ತದೋ ಇಲ್ಲವೋ ನೋಡಲು ಅದರ ಕೆಳಗೆ ‘ಧಾರೆ’ ಎಂಬ ಒಂದು ಪದ. ಅಕ್ಷರದ ಎತ್ತರ 6 ಮಿ.ಮೀ. ಒತ್ತು ಸುಮಾರು 4 ಮಿ.ಮೀ. ಕೆಳಗಿಳಿಯುತ್ತದೆ, ಮುಂದಿನ ಸಾಲಿನ ಗುಡಿಸು 3 ಮಿ.ಮೀ. ಮೇಲೇರುತ್ತದೆ. ಉಸಿರಾಡಲು ಇನ್ನೊಂದು 3 ಸೇರಿಸಿ ಸಾಲಿನಿಂದ ಸಾಲಿಗೆ 16 ಮಿ.ಮೀ. ಇಟ್ಟೆವು. 13ಕ್ಕಿಂತ ಕಡಿಮೆಯಾದರೆ ‘ಳ್ಳ’ದ ಒತ್ತು ಕೆಳಸಾಲಿನ ಗುಡಿಸಿಗೆ ಹೋಗಿ ಬಡಿಯುತ್ತದೆ.

ಮೊದಲನೆಯದು ಪಿಗ್ಮೆಂಟ್ ಪೆನ್ನಿನಲ್ಲಿ (ಒಣಗಿದ ಮೇಲೆ ಇದರ ಮಸಿ ನೀರಿಗೆ ಕರಗುವುದಿಲ್ಲ) ಬರೆದು, ಮೇಲೆ ಬಣ್ಣ ಹಾಕುವುದು. ಮೈಕ್ರಾನ್ 05 ಎಂಬ ಪೆನ್ನು ಬಳಸಿದೆವು, ಅದರ ಗೆರೆ 0.45 ಮಿ.ಮೀ. ಪ್ರವಾಸದ ಸ್ಕೆಚ್ ಪುಸ್ತಕಕ್ಕೆ ಇದಕ್ಕಿಂತ ಸುಲಭದ ದಾರಿಯಿಲ್ಲ. ‘ಧ’ದ ಕೆಳಗಿನ ಸಣ್ಣ ಗೀಟು ಸ್ಪಷ್ಟವಾಗಿ ನಿಂತಿತು. ಆದರೆ ಬರೆದ ಕೂಡಲೇ ನೀರು ಮುಟ್ಟಿಸಿದರೆ ಬೂದುಬಣ್ಣ ಹರಡುತ್ತದೆ, ಹದಿನೈದು ನಿಮಿಷವಾದರೂ ಬಿಡಬೇಕು. ಪೆನ್ಸಿಲ್ ಗೆರೆಯನ್ನು ಬಣ್ಣಕ್ಕೆ ಮೊದಲೇ ಅಳಿಸಬೇಕು, ಬಣ್ಣದಡಿ ಸಿಕ್ಕಿಕೊಂಡ ಪೆನ್ಸಿಲ್ ಆಮೇಲೆ ಬರುವುದಿಲ್ಲ. ಜೋರಾಗಿ ಉಜ್ಜಿದರೆ ಅಕ್ಷರವೂ ಮಾಸುತ್ತದೆ, ಆದ್ದರಿಂದ ಹಿಟ್ಟಿನಂತೆ ನಾದಬಹುದಾದ ಮೆತ್ತನೆಯ ರಬ್ಬರನ್ನು ಒತ್ತಿ ಎತ್ತುವುದು ಒಳ್ಳೆಯದು. ಯೆಲ್ಲೋ ಆಕರ್, ಸೆರೂಲಿಯನ್‌ನಂಥ ಅಪಾರದರ್ಶಕ ಬಣ್ಣ ಮೇಲೆ ಹೋದರೆ ಕಪ್ಪು ಅಕ್ಷರದ ಮೇಲೆ ಹಾಲಿನ ಪೊರೆ ಕಟ್ಟಿದ ಹಾಗಾಗುತ್ತದೆ. ಗೆರೆ ಎಲ್ಲೆಡೆ ಒಂದೇ ದಪ್ಪ, ಹಾಗಾಗಿ ಅಕ್ಷರಕ್ಕೆ ಮೈಕಟ್ಟು ಬರುವುದಿಲ್ಲ. ತರಿತರಿ ಕಾಗದದ ಮೇಲೆ ಪೆನ್ನಿನ ತುದಿಯೂ ಬೇಗ ಸವೆಯುತ್ತದೆ.

ಎರಡನೆಯದು ಬಣ್ಣ ಮೊದಲು, ಬರಹ ಆಮೇಲೆ. ಮಸಿಯಲ್ಲಿ ಅದ್ದಿ ಬರೆಯುವ 1.5 ಮಿ.ಮೀ. ಅಗಲದ ಕಟ್ ನಿಬ್ಬು (ತುದಿ ಚಪ್ಪಟೆಯಾಗಿ ಕತ್ತರಿಸಿದ್ದು), ಅರಗು ಬೆರೆತ ಕಾರ್ಬನ್ ಮಸಿ. ಇದೇ ನಮ್ಮ ಆಯ್ಕೆ. ನಿಬ್ಬಿನ ನಾಲ್ಕು ಅಗಲ ಸೇರಿದರೆ ಸರಿಯಾಗಿ 6 ಮಿ.ಮೀ. ಎತ್ತರ. ‘ಹ’ದ ಹೊಟ್ಟೆ ದಪ್ಪವಾಗಿ ಬಂದು ತುದಿಗೆ ತೆಳುವಾಗುವಾಗ ಅಕ್ಷರವೇ ಚಿತ್ರದ ಭಾಗವಾಗುತ್ತದೆ. ತಾಳೆಗರಿಯ ಮೇಲೆ ಕಂಟದಿಂದ (ಕಬ್ಬಿಣದ ಲೇಖನಿಯಿಂದ) ಕೊರೆದು ಕಾಡಿಗೆ ತಿಕ್ಕುತ್ತಿದ್ದ ಕಾಲದಿಂದಲೂ ನಮ್ಮ ಅಕ್ಷರಕ್ಕೆ ಬಣ್ಣ ಕೊಟ್ಟದ್ದು ಈ ಕಾರ್ಬನ್ ಕಪ್ಪೇ, ಅದು ಬೆಳಕಿಗೆ ಮಾಸುವುದಿಲ್ಲ.

ಕಷ್ಟಗಳೂ ಇಲ್ಲೇ ಹೆಚ್ಚು. ಹೊಸ ನಿಬ್ಬಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ. ಪಾತ್ರೆ ತೊಳೆಯುವ ಸಾಬೂನಿನಲ್ಲಿ ಉಜ್ಜಿ ತೆಗೆಯದಿದ್ದರೆ ಮಸಿ ಮಣಿಮಣಿಯಾಗಿ ನಿಂತು, ಒಮ್ಮೆಗೇ ಸುರಿದು ಚುಕ್ಕೆಯಾಗುತ್ತದೆ. ನಿಬ್ಬಿನ ನಡುವಿನ ತೂತಿನವರೆಗೆ ಮಾತ್ರ ಅದ್ದಿ. ಎರಡು ಸಾಲಿಗೊಮ್ಮೆ ನೀರಿನಲ್ಲಿ ತೊಳೆದು ಒರೆಸಿ, ಇಲ್ಲದಿದ್ದರೆ ಅರಗು ಒಣಗಿ ಸೀಳು ಮುಚ್ಚುತ್ತದೆ. ಇದೇ ಕಾರಣಕ್ಕೆ ಈ ಮಸಿಯನ್ನು ಫೌಂಟನ್ ಪೆನ್ನಿಗೆ ತುಂಬಲೇಬಾರದು. ಹಾಳೆ ಒಣಗಿದೆಯೇ ಎಂದು ಕಣ್ಣಿನಿಂದ ತಿಳಿಯುವುದಿಲ್ಲ, ಅಂಗೈ ಹಿಂಬದಿ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ, ನಿಬ್ಬು ಕಾಗದವನ್ನು ಕೆರೆದು ನಾರು ಎತ್ತುತ್ತದೆ. ಒಂದು ರಾತ್ರಿ ಬಿಟ್ಟರೆ ನಿಶ್ಚಿಂತೆ. ಬಣ್ಣ ತೆಗೆಯಲು ಕುಂಚದಿಂದ ಉಜ್ಜಿದ ಜಾಗದಲ್ಲಿ ಮಾತ್ರ ಬರೆಯಬೇಡಿ: ಅಲ್ಲಿ ಕಾಗದ ನೀರು ಹೀರದಂತೆ ತಡೆಯುವ ಸರೇಸು (ಅಂಟಿನ ಲೇಪ) ಹೋಗಿರುತ್ತದೆ, ಮಸಿ ಬೇರು ಬಿಟ್ಟಂತೆ ಹರಡುತ್ತದೆ. ಗಾಢ ಬಣ್ಣದ ಮೇಲೆ ಬರೆಯುವುದಾದರೆ ಬಿಳಿ ಗ್ವಾಶ್ (ಅಪಾರದರ್ಶಕ ಜಲವರ್ಣ) ಬಣ್ಣವನ್ನು ತೆಳು ಕೆನೆಯ ಹದಕ್ಕೆ ಕಲಸಿ, ಕುಂಚದಿಂದ ನಿಬ್ಬಿಗೆ ಸವರಿಕೊಳ್ಳಿ. ಕೋಲ್ಡ್ ಪ್ರೆಸ್ಡ್ ಬದಲು ನುಣುಪಾದ ಹಾಟ್ ಪ್ರೆಸ್ಡ್ ಕಾಗದ ತಂದರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ಮಾಸ್ಕಿಂಗ್ ದ್ರವದಲ್ಲಿ ಬರೆದು, ಬಣ್ಣ ಬಳಿದು, ಒಣಗಿದ ಮೇಲೆ ಉಜ್ಜಿ ತೆಗೆದು ಬಿಳಿ ಅಕ್ಷರ ಪಡೆಯುವುದು ಮೂರನೆಯದು. ನೋಡಲು ಮಾಯೆಯಂತಿದ್ದರೂ ಸಾಲುಗಳಿಗೆ ಇದು ಒಗ್ಗಲಿಲ್ಲ. ರಬ್ಬರ್ ಹಾಲಿನ ಈ ದ್ರವ ನಿಬ್ಬಿನಿಂದ ಬರೆದರೂ ಒಂದು ಮಿ.ಮೀ.ಗಿಂತ ತೆಳುವಾಗಿ ನಿಲ್ಲಲಿಲ್ಲ. ‘ಳ್ಳ’ದ ಒಳಗಿನ ಸುರುಳಿ ಮುಚ್ಚಿಹೋಯಿತು, ‘ಧಾರೆ’ ‘ದಾರೆ’ಯಾಯಿತು. ಎರಡು ಅಂಗುಲ ಎತ್ತರದ ಶೀರ್ಷಿಕೆಗೆ ಬೇಕಾದರೆ ಬಳಸಿ. ಬಾಟಲಿ ಕುಲುಕಬೇಡಿ, ಗುಳ್ಳೆ ಏಳುತ್ತದೆ. ಹೇರ್ ಡ್ರೈಯರ್ ಹಿಡಿಯಬೇಡಿ, ಬಿಸಿಗೆ ಅದು ಕಾಗದಕ್ಕೇ ಅಂಟಿ ಕೂರುತ್ತದೆ.

ನಾಲ್ಕನೆಯದಕ್ಕೆ ಎರಡನೇ ಸ್ಥಾನ: ಬೇರೆ ತೆಳು ಕೈಕಾಗದದಲ್ಲಿ ಬರೆದು ಚಿತ್ರದ ಮೇಲೆ ಅಂಟಿಸುವುದು. ಕಾಗುಣಿತ ತಪ್ಪಿದರೆ ಚೀಟಿ ಹೋಯಿತು, ಚಿತ್ರ ಉಳಿಯಿತು. ಕೈ ನಡುಗುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಇಲ್ಲ. ಅಂಟಿಗೆ ಒಂದು ಪಾಲು ಮೈದಾ, ಐದು ಪಾಲು ನೀರು. ತಣ್ಣೀರಿನಲ್ಲೇ ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತ ಗಾಜಿನಂತೆ ಹೊಳಪು ಬರುವವರೆಗೆ ಕಾಯಿಸಬೇಕು. ಹುಳ ಹಿಡಿಯದಿರಲು ಪುಸ್ತಕ ಕಟ್ಟುವವರು ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತಾರೆ, ಅದು ವಿಷ. ಹಾಕುವುದಾದರೆ ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು. ಇಲ್ಲಿ ಕೆಡುವುದು ಸುಕ್ಕಿನಿಂದ. ಅಂಟು ತಾಗಿದ ಕಾಗದ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ತಳದ ಹಾಳೆಯನ್ನು ಎಳೆಯುತ್ತದೆ. ಅಂಟು ಸವರಿ ಒಂದು ನಿಮಿಷ ಬಿಟ್ಟು, ಹಿಗ್ಗು ನಿಂತ ಮೇಲೆ ಅಂಟಿಸಿ. ನಡುವಿನಿಂದ ಅಂಚಿನ ಕಡೆಗೆ ಸವರುತ್ತ ಗಾಳಿ ಹೊರಹಾಕಿ, ಬಟರ್ ಪೇಪರ್ ಹೊದಿಸಿ, ದಪ್ಪ ಪುಸ್ತಕಗಳಡಿ ರಾತ್ರಿಯಿಡೀ ಒತ್ತಿಡಿ. ಬರೆದ ಮಸಿ ನೀರಿಗೆ ಕರಗದ್ದೇ ಆಗಿರಬೇಕು: ಸಾಮಾನ್ಯ ಫೌಂಟನ್ ಪೆನ್ನಿನ ಮಸಿ ಅಂಟಿನ ತೇವಕ್ಕೇ ಹರಡಿ, ‘ಬಳ್ಳ’ದ ಸುತ್ತ ನೀಲಿ ಕಲೆ ಮಾಡಿತು.